ಹರೆಯದ ಬಾಲಿಕೆಯ ಜಪಾನ್ ಪ್ರವಾಸ: ಸಿದ್ಧತೆಯ ವಿಷಯದಲ್ಲಿ ಒಂದು ಪಾಠ



ಈಚಿನ ವರುಷಗಳಲ್ಲಿ ತಾಯಿತಂದೆಗಳು ನಮ್ಮನ್ನು ಕೇಳುವ ಪ್ರಶ್ನೆಗಳೊಳಗೆ ಹೊಸದೊಂದು ಸೇರಿಕೊಂಡಿದೆ. ನಮ್ಮಲ್ಲಿ ಓದಿ ಈಗ ಸ್ವತಃ ತಾಯಿಯಾಗಿರುವ ಒಬ್ಬರು ಅದನ್ನು ಹೀಗೆ ಬರೆದಿದ್ದರು: “ಅಮ್ಮನವರೇ, ಹದಿನೇಳು ವರುಷದ ನಮ್ಮ ಮಗಳು ಬರುವ ಬೇಸಗೆಯ ರಜೆಯಲ್ಲಿ ಒಬ್ಬಳೇ ಜಪಾನ್ ದೇಶಕ್ಕೆ ಹೋಗಿಬರುವೆನೆನ್ನುತ್ತಾಳೆ. ಎರಡು ವರುಷದಿಂದ ಆ ಭಾಷೆಯನ್ನು ತಾನಾಗಿಯೇ ಕಲಿಯುತ್ತಿದ್ದಾಳೆ. ಅವಳ ತಂದೆಯವರು ಪ್ರವಾಸ ಕಂಪನಿಯ ಗುಂಪಿನೊಡನೆ ಹೋಗಲಿ ಎನ್ನುತ್ತಾರೆ. ಅಜ್ಜಿಯವರು ಹೋಗುವುದೇ ಬೇಡವೆನ್ನುತ್ತಾರೆ. ಅವಳು ಮೂರು ದಿನದಿಂದ ಯಾರೊಡನೆಯೂ ಸರಿಯಾಗಿ ಮಾತನಾಡುತ್ತಿಲ್ಲ.”

ಇದು ಒಂದೇ ಮನೆಯ ಕಷ್ಟವಲ್ಲವಾದುದರಿಂದ ಉತ್ತರವನ್ನು ಪಾಠದ ರೂಪದಲ್ಲಿ ಇಲ್ಲಿ ಬರೆಯುತ್ತೇವೆ. ಕಳುಹಿಸಬಹುದೋ ಕಳುಹಿಸಬಾರದೋ ಎಂದು ವಾದಿಸುವುದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ಈ ಪ್ರವಾಸದ ಯೋಜನೆಯನ್ನು ಮಾಡುವವರು ಯಾರು? ಟಿಕೀಟನ್ನು ತಂದೆ ಕೊಂಡು, ಚೀಲವನ್ನು ತಾಯಿ ಕಟ್ಟಿ, ವಸತಿಯನ್ನು ಕಂಪನಿಯವರು ಗೊತ್ತುಮಾಡಿದರೆ ಹುಡುಗಿಯು ಒಬ್ಬಳೇ ಹೋದರೂ ಅದು ಸ್ವತಂತ್ರ ಪ್ರವಾಸವಲ್ಲ. ಅಷ್ಟೇ ಅಲ್ಲ, ಅದು ಅಪಾಯಕರವೂ ಹೌದು. ಯಾಕಂದರೆ ಎಲ್ಲಿಯಾದರೂ ಒಂದು ಕೊಂಡಿ ಕಳಚಿದರೆ ಅದನ್ನು ಮತ್ತೆ ಜೋಡಿಸುವ ಬಗೆ ಅವಳಿಗೆ ತಿಳಿಯದು. ಆದಕಾರಣ ನಮ್ಮ ನಿಯಮವು ಇದು: ಯೋಜನೆಯನ್ನು ತಾನೇ ಮಾಡಬಲ್ಲವಳು ಹೋಗಲಿ, ಮಾಡಲಾರದವಳು ಇನ್ನೊಂದು ವರುಷ ಕಾಯಲಿ. ಮೇರೆಗಳನ್ನು ಹಾಕುವುದು ಹಿರಿಯರ ಕೆಲಸ. ಆ ಮೇರೆಗಳೊಳಗೆ ದಾರಿಯನ್ನು ಹುಡುಕುವುದು ಮಗಳ ಕೆಲಸ.

೧. ಐದು ಸಾವಿರ ಯೆನ್ನಿನ ನೋಟಿನಲ್ಲಿರುವ ಸ್ತ್ರೀ

೨೦೨೪ರ ಜುಲೈ ೩ರಂದು ಜಪಾನಿನಲ್ಲಿ ಹೊಸ ನೋಟುಗಳು ಬಳಕೆಗೆ ಬಂದುವು. ಅವುಗಳಲ್ಲಿ ೫,೦೦೦ ಯೆನ್ನಿನ ನೋಟಿನ ಮೇಲೆ ತ್ಸುದಾ ಉಮೆಕೋ ಎಂಬ ಶಿಕ್ಷಕಿಯ ಚಿತ್ರವುಂಟು. ಮಿಷನ್ ಶಾಲೆಯಲ್ಲಿ ಓದಿದವರೆಲ್ಲರೂ ಈಕೆಯ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

೧೮೭೧ರ ದಶಂಬರದಲ್ಲಿ ಜಪಾನಿನ ಸರಕಾರವು ಇವಾಕುರಾ ಎಂಬವರ ನಾಯಕತ್ವದಲ್ಲಿ ಒಂದು ನಿಯೋಗವನ್ನು ಅಮೇರಿಕಕ್ಕೂ ಯೂರೋಪಿಗೂ ಕಳುಹಿಸಿತು. ಅದೇ ಹಡಗಿನಲ್ಲಿ ಅಮೇರಿಕದಲ್ಲಿ ಓದುವುದಕ್ಕಾಗಿ ಐವರು ಹುಡುಗಿಯರೂ ಹೋದರು. ಎಲ್ಲರಿಗಿಂತ ಕಿರಿಯಳು ಉಮೆಕೋ. ಹಡಗು ಯೊಕೊಹಾಮಾದಿಂದ ಹೊರಟಾಗ ಅವಳಿಗೆ ಏಳು ವರುಷ ತುಂಬಲು ಇನ್ನೂ ಕೆಲವು ದಿನಗಳಿದ್ದುವು. ಹಿರಿಯರಿಬ್ಬರು ದೇಹಸ್ಥಿತಿ ಸರಿಯಿಲ್ಲದೆ ಬೇಗನೆ ಹಿಂದಿರುಗಿದರು. ಉಮೆಕೋ ಹನ್ನೊಂದು ವರುಷ ಅಲ್ಲಿಯೇ ಬೆಳೆದು, ೧೮೭೩ರಲ್ಲಿ ದೀಕ್ಷಾಸ್ನಾನ ಹೊಂದಿ, ೧೮೮೨ರಲ್ಲಿ ಸ್ವದೇಶಕ್ಕೆ ಬಂದಳು. ಬಂದಾಗ ತಾಯ್ನುಡಿಯೇ ಅವಳಿಗೆ ಮರೆತುಹೋಗಿತ್ತು. ಹೆತ್ತ ತಾಯಿಯೊಡನೆ ಮಾತನಾಡುವುದಕ್ಕೂ ಭಾಷೆಯನ್ನು ಮೊದಲಿನಿಂದ ಕಲಿಯಬೇಕಾಯಿತು. ಆದರೂ ಆಕೆ ಧೈರ್ಯಗೆಡಲಿಲ್ಲ. ಮತ್ತೊಮ್ಮೆ, ಈ ಸಲ ತನ್ನ ಸ್ವಂತ ಇಷ್ಟದಿಂದ, ಅಮೇರಿಕಕ್ಕೆ ಹೋಗಿ ಉನ್ನತ ವಿದ್ಯಾಭ್ಯಾಸ ಮಾಡಿ, ೧೯೦೦ರಲ್ಲಿ ಟೋಕಿಯೋ ಪಟ್ಟಣದಲ್ಲಿ ಹತ್ತು ವಿದ್ಯಾರ್ಥಿನಿಯರೊಡನೆ ಒಂದು ಶಾಲೆಯನ್ನು ತೆರೆದಳು. ಅದೇ ಇಂದಿನ ತ್ಸುದಾ ವಿಶ್ವವಿದ್ಯಾಲಯ.

ಈ ಚರಿತ್ರೆಯಿಂದ ಎರಡು ಸಂಗತಿಗಳನ್ನು ಕಲಿಯಬೇಕು. ಒಂದನೆಯದು, ಮೊದಲನೆಯ ಸಲ ಆಕೆ ಹೋದದ್ದಲ್ಲ, ಕಳುಹಿಸಲ್ಪಟ್ಟದ್ದು. ಎರಡನೆಯ ಸಲ ಆಕೆ ತಾನೇ ಗೊತ್ತುಮಾಡಿಕೊಂಡು ಹೋದಳು. ಶಾಲೆಯನ್ನು ತೆರೆಯುವಷ್ಟು ಬಲವು ಬಂದದ್ದು ಆ ಎರಡನೆಯ ಪ್ರಯಾಣದ ನಂತರವೇ. ಕಳುಹಿಸಲ್ಪಡುವುದಕ್ಕೂ ಹೋಗುವುದಕ್ಕೂ ಇರುವ ಭೇದವನ್ನು ತಾಯಿತಂದೆಗಳು ಮನಸ್ಸಿನಲ್ಲಿಡಬೇಕು. ಎರಡನೆಯದು, ದೂರದೇಶವು ಹುಡುಗಿಯನ್ನು ಬದಲಾಯಿಸದೆ ಬಿಡುವುದಿಲ್ಲ. ಹನ್ನೆರಡು ದಿನಗಳಲ್ಲಿ ಯಾರೂ ತಾಯ್ನುಡಿಯನ್ನು ಮರೆಯಲಾರರು. ಆದರೆ ಹೋದ ಮಗಳೇ ಹಾಗೆಯೇ ಹಿಂದಿರುಗುವಳೆಂದು ಎಣಿಸುವುದು ತಪ್ಪು. ಅವಳು ಬೆಳೆದು ಬರುವಳು, ಬರಬೇಕು.

೨. ಯಾವ ಕಾಲದಲ್ಲಿ ಹೋಗಬೇಕು

ನಮ್ಮ ಬೇಸಗೆಯು ಜಪಾನಿನ ಬೇಸಗೆಯಲ್ಲ. ನಮ್ಮ ಶಾಲೆಗಳಿಗೆ ರಜೆ ಇರುವ ಏಪ್ರಿಲ್ ಮೇ ತಿಂಗಳುಗಳು ಅಲ್ಲಿ ವಸಂತಕಾಲ. ಅವರ ಶಾಲೆಗಳ ಬೇಸಗೆ ರಜೆ ಜುಲೈ ತಿಂಗಳ ಕೊನೆಯಲ್ಲಿ ಆರಂಭವಾಗುತ್ತದೆ. ಆಗ ಸೆಕೆ ಬಹಳ. ಟೋಕಿಯೋದಲ್ಲಿಯೂ ಉಷ್ಣವು ೩೫ ಡಿಗ್ರಿಗೆ ಏರುವುದುಂಟು. ಅಗಸ್ಟು ಸಪ್ಟಂಬರುಗಳಲ್ಲಿ ಚಂಡಮಾರುತಗಳೂ ಬರುವುವು. ಹೀಗಿರುವುದರಿಂದ ನಮ್ಮ ರಜೆಯ ಕಾಲವೇ ನಮ್ಮ ಮಕ್ಕಳಿಗೆ ಅನುಕೂಲವಾದದ್ದು.

ಆದರೆ ಅದರಲ್ಲಿಯೂ ದಿನಗಳನ್ನು ಆರಿಸಬೇಕು. ಏಪ್ರಿಲ್ ೨೯ರಿಂದ ಮೇ ೫ರ ವರೆಗೆ ಅಲ್ಲಿ ಹಲವು ಸರಕಾರಿ ರಜೆಗಳು ಒಟ್ಟಿಗೆ ಬರುವುವು. ಇದನ್ನು ‘ಗೋಲ್ಡನ್ ವೀಕ್’ ಎನ್ನುವರು. ದೇಶವೇ ಎದ್ದು ಪ್ರಯಾಣಕ್ಕೆ ಹೊರಟಂತೆ ರೈಲುಗಳೂ ವಸತಿಗೃಹಗಳೂ ತುಂಬಿರುತ್ತವೆ, ಬೆಲೆಗಳೂ ಏರುತ್ತವೆ. ಇತ್ತ ಜೂನ್ ತಿಂಗಳ ಮೊದಲ ಭಾಗದಲ್ಲಿ ‘ತ್ಸುಯು’ ಎಂಬ ಮಳೆಗಾಲವು ಟೋಕಿಯೋ ಕಡೆಗೆ ತಲಪುತ್ತದೆ. ಈ ಎರಡರ ನಡುವೆ, ಮೇ ೮ರಿಂದ ೨೦ರ ವರೆಗಿನ ದಿನಗಳು ಹಿತವಾದವು. ಮೇ ೧೫ರಂದು ಕ್ಯೋಟೋ ಪಟ್ಟಣದಲ್ಲಿ ‘ಆವೋಯಿ’ ಎಂಬ ಪುರಾತನ ಉತ್ಸವದ ಮೆರವಣಿಗೆಯನ್ನೂ ನೋಡಬಹುದು.

ಈ ತಿಂಗಳಲ್ಲಿ ಇನ್ನೊಂದು ಲಾಭವುಂಟು. ಜಪಾನಿನ ಶಾಲೆಗಳು ತಮ್ಮ ಮಕ್ಕಳನ್ನು ‘ಶೂಗಾಕು ರ್ಯೋಕೋ’ ಎಂಬ ವಿದ್ಯಾಪ್ರವಾಸಕ್ಕೆ ಕರೆದೊಯ್ಯುವ ಕಾಲಗಳಲ್ಲಿ ಇದೂ ಒಂದು. ಸಮವಸ್ತ್ರ ಧರಿಸಿದ ಹುಡುಗಿಯರು ನಾಲ್ಕೈದು ಮಂದಿಯ ಗುಂಪುಗಳಾಗಿ, ನಕ್ಷೆಯನ್ನು ಹಿಡಿದು, ಉಪಾಧ್ಯಾಯರಿಲ್ಲದೆ ಕ್ಯೋಟೋದ ಬೀದಿಗಳಲ್ಲಿ ಸಂಚರಿಸುವುದು ಕಾಣಸಿಗುವುದು. ಚಿಕ್ಕ ತರಗತಿಯ ಮಕ್ಕಳೇ ಅಲ್ಲಿ ರೈಲುಬಂಡಿಯಲ್ಲಿ ತಾವಾಗಿ ಶಾಲೆಗೆ ಹೋಗಿಬರುವುದುಂಟು. ಒಬ್ಬಳೇ ನಡೆಯುವ ಹುಡುಗಿಯನ್ನು ಆ ದೇಶದಲ್ಲಿ ಯಾರೂ ವಿಸ್ಮಯದಿಂದ ನೋಡುವುದಿಲ್ಲ.

೩. ಕಾಗದಪತ್ರಗಳು

ಇದು ನೀರಸವಾದ ಭಾಗ. ಆದರೆ ಇದನ್ನು ಮಗಳೇ ಮಾಡಬೇಕೆಂಬುದು ನಮ್ಮ ಹಟ.

ಪಾಸ್‌ಪೋರ್ಟು: ನಮ್ಮ ದೇಶದಲ್ಲಿ ಅಪ್ರಾಪ್ತವಯಸ್ಕರಿಗೆ ಕೊಡುವ ಪಾಸ್‌ಪೋರ್ಟು ಐದು ವರುಷಗಳ ವರೆಗೆ, ಇಲ್ಲವೆ ೧೮ ವರುಷ ತುಂಬುವ ವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ನಡೆಯುತ್ತದೆ. ೧೫ ತುಂಬಿದವರು ಇಷ್ಟಪಟ್ಟರೆ ಹತ್ತು ವರುಷದ್ದನ್ನು ಕೇಳಬಹುದು. ಹುಟ್ಟುಹಬ್ಬದ ಹತ್ತಿರ ಪ್ರಯಾಣ ಮಾಡುವವಳು ಮುಗಿಯುವ ದಿನವನ್ನು ಮೊದಲೇ ನೋಡಿಕೊಳ್ಳಲಿ.

ವೀಸಾ: ಭಾರತೀಯರಿಗೆ ಜಪಾನಿನ ವೀಸಾ ಬೇಕು. ೨೦೨೪ರ ಏಪ್ರಿಲಿನಿಂದ ಅಲ್ಪಕಾಲದ ಪ್ರವಾಸದ ವೀಸಾ ಸಾಮಾನ್ಯವಾಗಿ ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿಯಾಗಿ ಬಾರದೆ ಇ-ವೀಸಾ ಆಗಿ ಬರುತ್ತದೆ. ಅದನ್ನು ವಿಮಾನ ನಿಲ್ದಾಣದಲ್ಲಿ ಇಂಟರ್‌ನೆಟ್ ಸಂಪರ್ಕವುಳ್ಳ ಫೋನಿನಲ್ಲಿಯೇ ತೆರೆದು ತೋರಿಸಬೇಕು. ಮುದ್ರಿಸಿದ ಪ್ರತಿಯನ್ನು ನಂಬಿ ಹೋಗಬಾರದು. ಅಪ್ರಾಪ್ತವಯಸ್ಕಳಿಗೆ ತಾಯಿ ತಂದೆ ಇಬ್ಬರೂ ಸಹಿಮಾಡಿದ ಒಪ್ಪಿಗೆಪತ್ರವನ್ನೂ ಜನನಪತ್ರವನ್ನೂ ಸಿದ್ಧವಾಗಿಡಬೇಕು. ಒಪ್ಪಿಗೆಪತ್ರದ ಇಂಗ್ಲಿಷ್ ಪ್ರತಿಯೊಂದು ಅವಳ ಕೈಚೀಲದಲ್ಲಿರಲಿ.

ಜಪಾನಿನ ಕಾನೂನು: ೨೦೨೨ರ ಏಪ್ರಿಲ್ ೧ರಿಂದ ಅಲ್ಲಿ ಪ್ರಾಪ್ತವಯಸ್ಸು ೨೦ರಿಂದ ೧೮ಕ್ಕೆ ಇಳಿಯಿತು. ಮದ್ಯಕ್ಕೂ ಹೊಗೆಸೊಪ್ಪಿಗೂ ಮಾತ್ರ ೨೦ರ ಮಿತಿ ಹಾಗೆಯೇ ಇದೆ. ೧೬ ವರುಷ ತುಂಬಿದ ವಿದೇಶಿಯರು ದೇಶವನ್ನು ಪ್ರವೇಶಿಸುವಾಗ ಬೆರಳಚ್ಚನ್ನೂ ಭಾವಚಿತ್ರವನ್ನೂ ಕೊಡಬೇಕು; ಹೊರಗೆ ಹೋಗುವಾಗಲೆಲ್ಲ ಪಾಸ್‌ಪೋರ್ಟನ್ನು ಸಂಗಡ ಇಟ್ಟುಕೊಂಡಿರಬೇಕು.

ಚೀಲದೊಳಗಿನ ವಸ್ತುಗಳು: ಇಲ್ಲಿ ತಾಯಂದಿರಿಗೆ ಒಂದು ಮಾತು. ಪ್ರೀತಿಯಿಂದ ಮಾವಿನ ಹಣ್ಣುಗಳನ್ನೂ ಮಾಂಸದ ಉಪ್ಪಿನಕಾಯಿಯನ್ನೂ ಕಟ್ಟಿಕೊಡಬೇಡಿರಿ. ರೋಗಗಳೂ ಕೀಟಗಳೂ ಬಾರದಂತೆ ಜಪಾನಿನವರು ಇಂಥವನ್ನು ಪ್ರಯಾಣಿಕರ ಕೈಯಿಂದ ಒಳಗೆ ಬಿಡುವುದಿಲ್ಲ. ಔಷಧಗಳ ವಿಷಯದಲ್ಲಿಯೂ ಜಾಗ್ರತೆ ಬೇಕು. ಆಂಫೆಟಮೈನ್ ಜಾತಿಯ ಔಷಧಗಳನ್ನು ವೈದ್ಯರ ಪತ್ರವಿದ್ದರೂ ತರಲಾಗದು. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಶೇಕಡ ೧೦ನ್ನು ಮೀರಿದರೆ ಅವಕ್ಕೂ ನಿಷೇಧವುಂಟು. ವೈದ್ಯರು ಬರೆದುಕೊಟ್ಟ ಸಾಧಾರಣ ಔಷಧವನ್ನು ಒಂದು ತಿಂಗಳಿಗೆ ಬೇಕಾದಷ್ಟು ಒಯ್ಯಬಹುದು. ಮನೆಯ ಔಷಧದ ಪೆಟ್ಟಿಗೆಯನ್ನೇ ಚೀಲಕ್ಕೆ ಸುರಿಯದೆ, ಪ್ರತಿಯೊಂದು ಮಾತ್ರೆಯ ಹೆಸರನ್ನೂ ಮಗಳು ಓದಿ ಪಟ್ಟಿಮಾಡಲಿ.

೪. ದಾರಿಯೂ ಲೆಕ್ಕವೂ

ಹುಡುಗಿಯರ ಮೊದಲನೆಯ ಯೋಜನೆಯಲ್ಲಿ ಸಾಮಾನ್ಯವಾಗಿ ಹತ್ತು ಊರುಗಳಿರುತ್ತವೆ. ಅದನ್ನು ನೋಡಿ ನಗಬಾರದು. ಒಂದೊಂದು ಊರಿನ ಎದುರಿಗೂ ಹೋಗಿ ತಲಪುವ ಗಂಟೆಗಳನ್ನು ಬರೆಯೆಂದು ಹೇಳಿದರೆ ಸಾಕು, ಹತ್ತು ತಾನಾಗಿಯೇ ಮೂರಾಗುವುದು. ಹನ್ನೆರಡು ರಾತ್ರಿಗಳಿಗೆ ನಾವು ಸೂಚಿಸುವ ಹಂಚಿಕೆ: ಟೋಕಿಯೋದಲ್ಲಿ ನಾಲ್ಕು, ಕ್ಯೋಟೋದಲ್ಲಿ ನಾಲ್ಕು, ಹಿರೋಶಿಮಾದಲ್ಲಿ ಎರಡು, ಮರಳಿ ಟೋಕಿಯೋದಲ್ಲಿ ಎರಡು. ಕೊನೆಯ ಎರಡು ರಾತ್ರಿಗಳು ವಿಮಾನವು ತಪ್ಪದಂತೆ ಇಟ್ಟುಕೊಂಡ ಬಿಡುವು. ಬೆಂಗಳೂರಿನಿಂದ ಟೋಕಿಯೋದ ನರಿತಾ ನಿಲ್ದಾಣಕ್ಕೆ ನೇರ ವಿಮಾನವುಂಟು. ನರಿತಾ ಪಟ್ಟಣದಿಂದ ಸುಮಾರು ೬೦ ಕಿಲೋಮೀಟರ್ ದೂರವಿರುವುದರಿಂದ ಮೊದಲನೆಯ ದಿನ ಹಗಲಿನಲ್ಲಿ ಇಳಿಯುವಂತಹ ವಿಮಾನವನ್ನು ಆರಿಸಬೇಕು.

ಈಗ ಒಂದು ಲೆಕ್ಕ. ವಿದೇಶೀ ಪ್ರವಾಸಿಗಳಿಗೆಂದು ಜಪಾನ್ ರೈಲ್ ಪಾಸ್ ಎಂಬ ಒಂದು ಟಿಕೀಟು ಉಂಟು. ಏಳು ದಿನದ ಸಾಧಾರಣ ಪಾಸಿಗೆ ಮೊದಲು ೨೯,೬೫೦ ಯೆನ್ ಇದ್ದುದು ೨೦೨೩ರ ಅಕ್ಟೋಬರಿನಲ್ಲಿ ೫೦,೦೦೦ ಯೆನ್ ಆಯಿತು. “ಪಾಸ್ ಕೊಳ್ಳದೆ ಹೋಗಬೇಡ” ಎಂದು ಹಳೆಯ ಪ್ರವಾಸಿಗಳು ಹೇಳುವ ಮಾತು ಆ ಹಿಂದಿನ ಬೆಲೆಯ ಕಾಲದ್ದು. ಮೇಲಿನ ದಾರಿಯಲ್ಲಿ ‘ಶಿಂಕಾನ್ಸೆನ್’ ಎಂಬ ಅತಿವೇಗದ ರೈಲಿಗೆ ಬಿಡಿ ಟಿಕೀಟು ಕೊಂಡರೆ ಟೋಕಿಯೋದಿಂದ ಕ್ಯೋಟೋಗೆ ಸುಮಾರು ೧೪,೦೦೦, ಕ್ಯೋಟೋದಿಂದ ಹಿರೋಶಿಮಾಗೆ ಸುಮಾರು ೧೨,೦೦೦, ಹಿರೋಶಿಮಾದಿಂದ ಟೋಕಿಯೋಗೆ ಸುಮಾರು ೨೦,೦೦೦, ಕೂಡಿಸಿದರೆ ೪೬,೦೦೦ ಯೆನ್. ಪಾಸಿಗಿಂತ ಬಿಡಿ ಟಿಕೀಟೇ ಅಗ್ಗ. ಹೊರಡುವ ವರುಷದ ದರಗಳನ್ನು ವಿಚಾರಿಸಿ ಈ ಲೆಕ್ಕವನ್ನು ಮಗಳು ತಾನೇ ಮತ್ತೆ ಮಾಡಲಿ. ನಾಲ್ಕು ಸಾಲಿನ ಈ ಕೂಡಿಸುವ ಲೆಕ್ಕವನ್ನು ಮಾಡಿದವಳು, ಬೇರೆಯವರ ಬುದ್ಧಿವಾದವನ್ನು ಅಳೆದು ನೋಡುವುದನ್ನು ಕೂಡ ಕಲಿತಳು.

ನೋಡತಕ್ಕ ಸ್ಥಳಗಳನ್ನು ಅವಳೇ ಆರಿಸಲಿ. ಆದರೂ ನಮ್ಮ ಶಾಲೆಯ ಹುಡುಗಿಗೆ ಮೂರನ್ನು ಸೂಚಿಸದೆ ಇರಲಾರೆವು. ಒಂದನೆಯದು, ಟೋಕಿಯೋದಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಯೊಕೊಹಾಮಾ. ಅಲ್ಲಿಯ ಫೆರಿಸ್ ಬಾಲಿಕಾ ಶಾಲೆಯನ್ನು ಮೇರಿ ಕಿಡ್ಡರ್ ಎಂಬ ಮಿಷನೆರಿ ಅಮ್ಮನವರು ೧೮೭೦ರಲ್ಲಿ ಆರಂಭಿಸಿದರು. ಅದು ಆ ದೇಶದ ಅತಿ ಹಳೆಯ ಬಾಲಿಕಾ ಶಾಲೆಗಳಲ್ಲೊಂದು. ಎರಡನೆಯದು, ಕ್ಯೋಟೋ ಸಮೀಪದ ನಾರಾ ಪಟ್ಟಣದ ತೋದಾಯ್‌ಜಿ ಎಂಬ ಬೌದ್ಧ ದೇವಾಲಯ. ಅಲ್ಲಿರುವ ಸುಮಾರು ೧೫ ಮೀಟರ್ ಎತ್ತರದ ಕಂಚಿನ ಬುದ್ಧಮೂರ್ತಿಗೆ ೭೫೨ರಲ್ಲಿ ಕಣ್ಣು ಬರೆದು ಪ್ರತಿಷ್ಠಾಪಿಸಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಸನ್ಯಾಸಿ. ವಿಮಾನವೂ ಹಬೆಯ ಹಡಗೂ ಇಲ್ಲದ ಕಾಲದಲ್ಲಿ ನಮ್ಮವನೊಬ್ಬನು ಅಲ್ಲಿಗೆ ತಲಪಿದ್ದನೆಂಬುದನ್ನು ಹುಡುಗಿಯು ಅಲ್ಲಿ ನಿಂತು ನೆನೆಯಲಿ.

ಮೂರನೆಯದು ಹಿರೋಶಿಮಾ. ೧೯೪೫ರ ಅಗಸ್ಟ್ ೬ರಂದು ಬೆಳಿಗ್ಗೆ ೮ ಗಂಟೆ ೧೫ ನಿಮಿಷಕ್ಕೆ ಅಣುಬಾಂಬು ಬಿದ್ದಾಗ, ಬೆಂಕಿ ಹರಡದಂತೆ ಮನೆಗಳನ್ನು ಕೆಡಹುವ ಕೆಲಸಕ್ಕೆ ಹಚ್ಚಲ್ಪಟ್ಟಿದ್ದ ಸಾವಿರಾರು ಶಾಲಾಮಕ್ಕಳು ಬಯಲಿನಲ್ಲಿದ್ದರು. ಸಾಸಾಕಿ ಸದಾಕೋ ಎಂಬ ಹುಡುಗಿಗೆ ಅಂದು ಎರಡು ವರುಷ. ಅವಳು ಬದುಕಿ ಉಳಿದಳು. ಆದರೆ ಹತ್ತು ವರುಷಗಳ ಮೇಲೆ ರಕ್ತದ ಕ್ಯಾನ್ಸರಿನಿಂದ ೧೯೫೫ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಅವಳ ಸಹಪಾಠಿಗಳು ಮುಂದಾಗಿ ಹಣ ಕೂಡಿಸಿದ್ದರಿಂದ ೧೯೫೮ರಲ್ಲಿ ಅಲ್ಲಿ ಮಕ್ಕಳ ಸ್ಮಾರಕವು ನಿಂತಿತು. ಆ ವಸ್ತುಸಂಗ್ರಹಾಲಯವನ್ನು ನೋಡಿದ ದಿನ ಸಾಯಂಕಾಲ ಹುಡುಗಿಯು ಒಬ್ಬಳೇ ಕೋಣೆಯಲ್ಲಿ ಕೂತುಕೊಳ್ಳುವುದು ನಮಗೆ ಸರಿತೋರುವುದಿಲ್ಲ. ಆ ದಿನ ಮಾತ್ರ ಮನೆಯವರು ತಾವಾಗಿ ಕರೆಮಾಡಿ ಅವಳು ಹೇಳಿದಷ್ಟನ್ನು ಕೇಳಲಿ.

೫. ಭಾಷೆ, ವಾಸ, ಊಟ

ಜಪಾನಿ ಲಿಪಿಯನ್ನು ನೋಡಿ ಹೆದರಬಾರದು. ‘ಕತಕಾನ’ ‘ಹಿರಗಾನ’ ಎಂಬ ಎರಡು ಅಕ್ಷರಮಾಲೆಗಳಲ್ಲಿ ಒಂದೊಂದಕ್ಕೆ ೪೬ ಮೂಲಾಕ್ಷರಗಳು ಮಾತ್ರ. ಅವುಗಳ ಕ್ರಮವು ಅ, ಇ, ಉ, ಎ, ಒ ಎಂದು ಮೊದಲಾಗಿ, ಬಳಿಕ ಕ, ಸ, ತ, ನ ಎಂದು ಮುಂದರಿಯುವುದು. ಬೌದ್ಧ ಭಿಕ್ಷುಗಳ ಮೂಲಕ ಸಂಸ್ಕೃತದ ವರ್ಣಮಾಲೆಯ ಅಭ್ಯಾಸವು ಅಲ್ಲಿಗೆ ಹೋದುದೇ ಇದಕ್ಕೆ ಕಾರಣ. ಕ್ರಿಯಾಪದವು ಕನ್ನಡದಲ್ಲಿರುವಂತೆ ಅಲ್ಲಿಯೂ ವಾಕ್ಯದ ಕೊನೆಯಲ್ಲಿ ಬರುವುದು. ಆದುದರಿಂದ ಕಾಗುಣಿತ ಬಲ್ಲ ನಮ್ಮ ಹುಡುಗಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಕತಕಾನವನ್ನಾದರೂ ಓದಲು ಕಲಿತು ಹೊರಡಲಿ. ಅಂಗಡಿಗಳ ಪಟ್ಟಿಯಲ್ಲಿರುವ ಅನೇಕ ವಿದೇಶೀ ಪದಗಳು ಅದರಲ್ಲಿಯೇ ಇರುತ್ತವೆ. ‘ಸುಮಿಮಾಸೆನ್’ ಎಂಬ ಒಂದೇ ಮಾತು ಕ್ಷಮೆ ಕೇಳುವುದಕ್ಕೂ ಕರೆಯುವುದಕ್ಕೂ ಸಾಕು. ‘ತಸುಕೆತೆ’ ಎಂದರೆ ಕಾಪಾಡಿರಿ ಎಂದರ್ಥ. ಈ ಎರಡನೆಯದನ್ನು ಗಟ್ಟಿಯಾಗಿ ಕೂಗುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಸಿರಿ. ಮೆಲುಮಾತಿನಲ್ಲಿ ಬೆಳೆದ ಹುಡುಗಿಯರಿಗೆ ಅದು ತಾನಾಗಿ ಬಾರದು.

ವಸತಿಯ ವಿಷಯದಲ್ಲಿ ಒಂದು ಅಡ್ಡಿಯುಂಟು. ೧೮ ತುಂಬದವಳು ಒಬ್ಬಳೇ ತಂಗಬೇಕಾದರೆ ಅನೇಕ ವಸತಿಗೃಹಗಳು ತಾಯಿತಂದೆಗಳ ಒಪ್ಪಿಗೆಪತ್ರವನ್ನು ಕೇಳುವುವು. ಕೆಲವು ಒಪ್ಪುವುದೇ ಇಲ್ಲ. ಆದಕಾರಣ ಹಣ ಕಟ್ಟುವ ಮುಂಚೆಯೇ ಅವಳು ಪ್ರತಿಯೊಂದು ಸ್ಥಳಕ್ಕೂ ಬರೆದು, ವಯಸ್ಸನ್ನು ತಿಳಿಸಿ, ಉತ್ತರವನ್ನು ಜೋಪಾನವಾಗಿಡಲಿ. ಸ್ತ್ರೀಯರಿಗೆ ಮಾತ್ರ ಮೀಸಲಾದ ಕೋಣೆಗಳುಳ್ಳ ಹಾಸ್ಟೆಲುಗಳು ದೊಡ್ಡ ಊರುಗಳಲ್ಲಿ ಸಿಗುವುವು. ರೈಲು ಸ್ಟೇಶನಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರುವುದನ್ನು ಆರಿಸುವುದು ಲೇಸು.

ಊಟಕ್ಕೆ ಕೊರತೆಯಿಲ್ಲ. ಅನ್ನದ ಉಂಡೆಯಾದ ‘ಒನಿಗಿರಿ’ ಮೂಲೆಮೂಲೆಯ ಅಂಗಡಿಗಳಲ್ಲಿ ದೊರೆಯುವುದು. ನಲ್ಲಿಯ ನೀರನ್ನೇ ಕುಡಿಯಬಹುದು. ಮಾಂಸ ಮೀನು ತಿನ್ನದ ಮನೆಯ ಮಕ್ಕಳು ಮಾತ್ರ ಒಂದನ್ನು ತಿಳಿದಿರಬೇಕು: ತರಕಾರಿಯ ಸಾರಿನಂತೆ ಕಾಣುವ ಬಹು ಪದಾರ್ಥಗಳಲ್ಲಿ ‘ದಾಶಿ’ ಎಂಬ ಮೀನಿನ ರಸವಿರುತ್ತದೆ. ಕೇಳಬೇಕಾದದ್ದನ್ನು ಜಪಾನಿಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು ಹೋಗುವುದು ಒಳ್ಳೆಯದು. ಮನೆಗಳಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋಗುವುದು ನಮ್ಮ ಹುಡುಗಿಯರಿಗೆ ಕಲಿಸಬೇಕಾದ ಪಾಠವಲ್ಲ. ರೈಲಿನಲ್ಲಿ ಫೋನಿನಲ್ಲಿ ಮಾತನಾಡದಿರುವುದನ್ನೂ, ಕಸವನ್ನು ಚೀಲದಲ್ಲಿಟ್ಟುಕೊಂಡು ವಸತಿಗೆ ಒಯ್ಯುವುದನ್ನೂ ಕಲಿಸಬೇಕಾದೀತು.

೬. ಅಪಾಯಗಳ ವಿಷಯ

ಜಪಾನ್ ದೇಶವು ಸುರಕ್ಷಿತವೆಂದು ಎಲ್ಲರೂ ಹೇಳುವರು, ಅದು ನಿಜವೇ. ಆದರೂ ಸುರಕ್ಷಿತ ದೇಶದಲ್ಲಿ ಎಚ್ಚರವು ಬೇಗನೆ ನಿದ್ದೆಹೋಗುವುದು. ಹುಡುಗಿಗೆ ಅಪಾಯಗಳ ಹೆಸರು ಹೇಳದೆ ಬರಿದೆ “ಜಾಗ್ರತೆ, ಜಾಗ್ರತೆ” ಎನ್ನುವುದರಿಂದ ಫಲವಿಲ್ಲ.

ತುಂಬಿದ ರೈಲುಗಳಲ್ಲಿ ಸ್ತ್ರೀಯರ ಮೈಮುಟ್ಟುವ ದುಷ್ಟರು ಅಲ್ಲಿಯೂ ಉಂಟು. ಅಂಥವರನ್ನು ‘ಚಿಕಾನ್’ ಎನ್ನುವರು. ಈ ಕಾರಣದಿಂದಲೇ ದೊಡ್ಡ ಪಟ್ಟಣಗಳ ಅನೇಕ ರೈಲುಗಳಲ್ಲಿ ಬೆಳಗಿನ ಸಂದಣಿಯ ಹೊತ್ತಿಗೆ ಸ್ತ್ರೀಯರಿಗೆ ಪ್ರತ್ಯೇಕ ಡಬ್ಬಿ ಇಟ್ಟಿದ್ದಾರೆ. ಅದರಲ್ಲಿಯೇ ಹತ್ತಲಿ. ಹಾಗೇನಾದರೂ ನಡೆದರೆ ಅದು ಅವಳ ತಪ್ಪಲ್ಲವೆಂದೂ, ಮನೆಗೆ ಹೇಳಿದರೆ ಮುಂದಿನ ಪ್ರವಾಸವು ನಿಂತುಹೋಗದೆಂದೂ ಹೊರಡುವ ಮೊದಲೇ ತಾಯಿ ಮಾತು ಕೊಡಬೇಕು. ಬೈಗುಳಕ್ಕೆ ಹೆದರಿ ಹುಡುಗಿಯರು ಮುಚ್ಚಿಡುವ ಸಂಗತಿಗಳೇ ಹೆಚ್ಚು ಅಪಾಯಕರವಾದವು.

ಟೋಕಿಯೋ ಮೊದಲಾದ ಕಡೆಗಳಲ್ಲಿ ೧೮ ತುಂಬದವರು ರಾತ್ರಿ ೧೧ರಿಂದ ಬೆಳಗಿನ ೪ರ ವರೆಗೆ ಹೊರಗೆ ಅಲೆಯಬಾರದೆಂದು ಸ್ಥಳೀಯ ಕಟ್ಟಳೆಗಳಿವೆ. ನಮ್ಮ ಕಟ್ಟಳೆಯು ಇನ್ನೂ ಬಿಗಿ: ರಾತ್ರಿ ೮ ಗಂಟೆಗೆ ವಸತಿಯಲ್ಲಿರಬೇಕು. ಬೀದಿಯಲ್ಲಿ ನಿಂತು ಅಂಗಡಿಯೊಳಗೆ ಕರೆಯುವವರಿಗೆ ಉತ್ತರ ಕೊಡದೆ ಮುಂದೆ ನಡೆಯಲಿ.

ಭೂಕಂಪವು ಅಲ್ಲಿ ಅಪರೂಪವಲ್ಲ. ನೆಲ ನಡುಗಿದರೆ ಓಡದೆ, ಮೇಜಿನ ಕೆಳಗೆ ಕುಳಿತು ತಲೆಯನ್ನು ಮರೆಸಿಕೊಳ್ಳಬೇಕು. ಸಮುದ್ರ ತೀರದಲ್ಲಿದ್ದರೆ ನಡುಕ ನಿಂತ ಕೂಡಲೆ ಎತ್ತರದ ಸ್ಥಳಕ್ಕೆ ಹೋಗಬೇಕು. ಮುನ್ನೆಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ತಿಳಿಸುವ ‘ಸೇಫ್ಟಿ ಟಿಪ್ಸ್’ ಎಂಬ ಆ್ಯಪನ್ನು ಮೊದಲೇ ಹಾಕಿಕೊಳ್ಳಲಿ.

ಪೊಲೀಸರಿಗೆ ೧೧೦, ಬೆಂಕಿಗೂ ಆಂಬ್ಯುಲೆನ್ಸಿಗೂ ೧೧೯. ಇಂಟರ್‌ನೆಟ್ಟಿಗೆ ಮಾತ್ರ ಇರುವ ಸಿಮ್ಮಿನಿಂದ ಈ ಸಂಖ್ಯೆಗಳಿಗೆ ಕರೆ ಹೋಗದೆ ಇರಬಹುದು. ಆದಕಾರಣ ಮಾತಿನ ಕರೆಯೂ ಇರುವ ಸಿಮ್ಮನ್ನೇ ಕೊಳ್ಳಬೇಕು. ಬೀದಿಗಳಲ್ಲಿ ‘ಕೋಬಾನ್’ ಎಂಬ ಚಿಕ್ಕ ಪೊಲೀಸು ಠಾಣೆಗಳಿವೆ. ದಾರಿ ತಪ್ಪಿದರೂ ವಸ್ತು ಕಳೆದರೂ ಅಲ್ಲಿಗೇ ಹೋಗಲಿ. ನಮ್ಮ ದೇಶದ ರಾಯಭಾರ ಕಚೇರಿ ಟೋಕಿಯೋದಲ್ಲಿಯೂ ಕಾನ್ಸಲ್ ಕಚೇರಿ ಒಸಾಕಾದಲ್ಲಿಯೂ ಉಂಟು. ಎರಡರ ವಿಳಾಸಗಳನ್ನೂ ಫೋನಿನಲ್ಲಿ ಮಾತ್ರವಲ್ಲ, ಕಾಗದದ ಮೇಲೆಯೂ ಬರೆದಿಟ್ಟುಕೊಳ್ಳಲಿ. ಪ್ರಯಾಣದ ವಿಮೆಯನ್ನು ಬಿಡಬಾರದು. ಮಗಳಿಗಾಗಿ ನಾವು ಪ್ರಾರ್ಥಿಸುತ್ತೇವೆ, ವಿಮೆಯೇಕೆ ಎಂದು ಕೇಳುವವರುಂಟು. ಪ್ರಾರ್ಥನೆ ಮಾಡುವವರೂ ಮನೆಯ ಬಾಗಿಲಿಗೆ ಬೀಗ ಹಾಕುವರಲ್ಲವೇ?

೭. ತಾಯಿತಂದೆಗಳಿಗೆ

ಜಪಾನಿಗೆ ಹೋಗುವ ದಾರಿಯು ನಮ್ಮ ಊರಿನ ಸ್ಟೇಶನಿನಿಂದಲೇ ಆರಂಭವಾಗಬೇಕು. ಹೊರಡುವುದಕ್ಕೆ ಆರು ತಿಂಗಳ ಮುಂಚೆ ಅವಳು ಒಬ್ಬಳೇ ಬೆಂಗಳೂರಿನಿಂದ ಮಂಗಳೂರಿಗೋ, ಮೈಸೂರಿನಿಂದ ಹುಬ್ಬಳ್ಳಿಗೋ ರೈಲಿನಲ್ಲಿ ಹೋಗಿಬರಲಿ. ಟಿಕೀಟು ಅವಳೇ ಕೊಳ್ಳಲಿ. ತಡವಾದ ರೈಲಿಗಾಗಿ ಕಾಯಲಿ. ಒಂದು ತಿಂಗಳ ಕಾಲ ತನ್ನ ಖರ್ಚಿನ ಲೆಕ್ಕವನ್ನು ಬರೆದಿಡಲಿ. ಇವನ್ನು ಮಾಡಿದ ಹುಡುಗಿಗೆ “ಹೋಗಿ ಬಾ” ಎನ್ನುವುದು ಕಷ್ಟವಾಗದು. ಮಾಡದವಳಿಗೆ “ಈ ವರುಷ ಬೇಡ” ಎಂದರೆ ಅವಳಿಗೂ ಕಾರಣ ತಿಳಿಯುವುದು.

ಅವಳು ಅಲ್ಲಿರುವಾಗ ದಿನಕ್ಕೊಂದು ಸಂದೇಶ ಸಾಕು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಅಲ್ಲಿಯ ರಾತ್ರಿ ೮:೩೦ ನಮ್ಮ ಸಾಯಂಕಾಲ ೫ ಗಂಟೆ. ಆ ಹೊತ್ತಿಗೆ ಸಂದೇಶ ಬರದಿದ್ದರೆ ಎಷ್ಟು ಹೊತ್ತು ಕಾಯುವುದು, ಆಮೇಲೆ ಮೊದಲು ಯಾರಿಗೆ ಕರೆಮಾಡುವುದು ಎಂ­ಬು­ದ­ನ್ನು ಮೊದಲೇ ಬರೆದಿಡಿರಿ. ಅವಳು ನಿಂತಲ್ಲಿ ಕೂತಲ್ಲಿ ಫೋನಿನ ನಕ್ಷೆಯಲ್ಲಿ ನೋಡುತ್ತಿರುವ ಉಪಾಯವು ಈಗ ಉಂಟು. ಆಪತ್ತಿಗಾಗಿ ಅದು ಇರಲಿ. ಆದರೆ ಅವಳಿಗೆ ತಿಳಿಸಿಯೇ ಇಡಿರಿ, ಗಂಟೆಗೊಮ್ಮೆ ತೆರೆದು ನೋಡಬೇಡಿರಿ. ಯಾವಾಗಲೂ ಯಾರೋ ನೋಡುತ್ತಿರುವರೆಂದು ಬಲ್ಲವಳು ತಾನು ನೋಡುವುದನ್ನು ಕಲಿಯುವುದಿಲ್ಲ.

ನಮ್ಮ ಮನಸ್ಸಿನಲ್ಲಿರುವ ಮುಖ್ಯ ಸಂಗತಿಯನ್ನು ಈಗ ಹೇಳುವೆವು. ಹದಿನೇಳನೆಯ ವರುಷದಲ್ಲಿ ಒಂದು ಸಣ್ಣ ತೀರ್ಮಾನವನ್ನೂ ಸ್ವತಃ ಮಾಡಗೊಡದ ಮಗಳನ್ನು ನಾವು ಹದಿನೆಂಟರಲ್ಲಿ ದೂರದ ಕಾಲೇಜಿನ ಹಾಸ್ಟೆಲಿಗೆ ಬಿಟ್ಟುಬರುತ್ತೇವೆ. ಇನ್ನು ಕೆಲವು ವರುಷಗಳಲ್ಲಿ ಕೆಲಸವನ್ನೂ ಜೀವನದ ಸಂಗಾತಿಯನ್ನೂ ವಿವೇಕದಿಂದ ಆರಿಸಿಕೊಳ್ಳೆನ್ನುತ್ತೇವೆ. ಆ ವಿವೇಕವು ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂದೀತು? ಕಳುಹಿಸುವುದರಲ್ಲಿ ಅಪಾಯವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಳುಹಿಸದೆ ಇಟ್ಟುಕೊಳ್ಳುವುದರಲ್ಲಿಯೂ ಅಪಾಯವುಂಟು; ಅದು ನಿಧಾನವಾಗಿ ಬರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಜಪಾನೇ ಆಗಬೇಕೆಂದಿಲ್ಲ. ಖರ್ಚು ಹೆಚ್ಚೆನಿಸಿದರೆ ಹಂಪೆಯೂ ಬೇಲೂರೂ ಉಂಟು. ಸ್ಥಳ ಯಾವುದಾದರೂ ಆಗಲಿ, ಯೋಜನೆಯ ಪುಸ್ತಕವು ಮಗಳ ಕೈಬರಹದಲ್ಲಿರಬೇಕು.

ಅಭ್ಯಾಸ

ಪ್ರವಾಸಕ್ಕೆ ಹೊರಡುವ ಬಾಲಿಕೆಯು ಈ ಕೆಳಗಿನ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಟ್ಟು, ಮನೆಯ ಹಿರಿಯರೆಲ್ಲರ ಮುಂದೆ ಓದತಕ್ಕದ್ದು.

೧. ನೀನು ಹೋಗುವ ಮೂರು ಊರುಗಳನ್ನು ಆರಿಸಿದ್ದೇಕೆ? ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ?
೨. ಪ್ರತಿಯೊಂದು ರಾತ್ರಿಯ ವಸತಿಯ ವಿಳಾಸ ಯಾವುದು? ನಿನ್ನ ವಯಸ್ಸನ್ನು ಅವರು ಒಪ್ಪಿ ಬರೆದ ಉತ್ತರ ಎಲ್ಲಿದೆ?
೩. ಹಣ ಎಷ್ಟು ಬೇಕು? ಅದನ್ನು ಯಾವ ಎರಡು ಕಡೆಗಳಲ್ಲಿ ಬೇರೆ ಬೇರೆಯಾಗಿ ಇಡುವೆ?
೪. ಪಾಸ್‌ಪೋರ್ಟು ಕಳೆದುಹೋದರೆ ಮೊದಲು ಎಲ್ಲಿಗೆ ಹೋಗುವೆ? ಎರಡನೆಯದಾಗಿ ಎಲ್ಲಿಗೆ?
೫. ಕೊನೆಯ ರೈಲು ತಪ್ಪಿದರೆ, ಜ್ವರ ಬಂದರೆ, ಫೋನು ಒಡೆದರೆ ಏನು ಮಾಡುವೆ?
೬. ನಡುವೆ ಮನಸ್ಸು ಬದಲಾಗಿ ಮನೆಗೆ ಹಿಂದಿರುಗಬೇಕೆನಿಸಿದರೆ ನಾಚಿಕೆಪಡದೆ ಹೇಳುವೆಯಾ?

ಕಡೆಯ ಪ್ರಶ್ನೆಯೊಂದಕ್ಕೆ ತಾಯಿತಂದೆಗಳು ಉತ್ತರ ಬರೆದು ಮಗಳ ಮುಂದೆ ಓದತಕ್ಕದ್ದು.

೭. ಅವಳು ಕ್ಷೇಮವಾಗಿ ಹಿಂದಿರುಗಿದ ಮೇಲೆ, ಈ ವರೆಗೆ ನೀವು ಅವಳಿಗಾಗಿ ಮಾಡುತ್ತಿದ್ದ ಯಾವ ತೀರ್ಮಾನವನ್ನು ಇನ್ನು ಮುಂದೆ ಅವಳಿಗೇ ಬಿಟ್ಟುಕೊಡುವಿರಿ?